ಅಜ್ಜಿ ಚೆಂಡಿನ ಗುಳಿ

ಗಾಲ್ಫ್ ಚೀಲದೊಳಗೆ ಒಂದು ಅಜ್ಜಿ ಚೆಂಡಿತ್ತು. ಕೋಲಿನ ಏಟು ತಿಂದು ತಿಂದು ಪಾಪ, ಅದರ ಮೈಯೆಲ್ಲ ಗುಳಿ ಬಿದ್ದಿತ್ತು. ಆದರೆ ಗಾಳಿ ಆ ಗುಳಿಗಳನ್ನೇ ಹಿಡಿದುಕೊಂಡು, ನುಣ್ಣನೆಯ ಚೆಂಡುಗಳಿಗಿಂತ ಅದನ್ನೇ ದೂರ ಒಯ್ಯುತ್ತಿತ್ತು.

ಒಂದು ದಿನ ಕಾರ್ಖಾನೆಯಿಂದ ಹೊಸ ಚೆಂಡೊಂದು ಬಂದು ಪಕ್ಕದಲ್ಲಿ ಕೂತಿತು. ಅದರ ಮೈತುಂಬ ಗುಳಿಗಳನ್ನು ನೋಡಿದ್ದೇ ತಡ, ಅಜ್ಜಿ ಹತ್ತಿರಕ್ಕೆ ಉರುಳಿತು.

"ಅಯ್ಯೋ ಕಂದಾ, ಇಷ್ಟು ಎಳೆಯ ಮೈಗೆ ಇಷ್ಟೊಂದು ಏಟೇ? ಯಾರು ಹೊಡೆದರು ನಿನ್ನ?"

"ಯಾರೂ ಹೊಡೆದಿಲ್ಲ ಅಜ್ಜಿ. ಹುಟ್ಟುವಾಗಲೇ ಅಚ್ಚಿನಲ್ಲಿ ಮೂಡಿದವು. ನೀವು ಹಾರುವುದನ್ನು ನೋಡಿಯೇ ಆ ಅಚ್ಚು ಮಾಡಿದರಂತೆ."

ಅಜ್ಜಿ ಒಂದೊಂದೇ ಗುಳಿಯನ್ನು ದಿಟ್ಟಿಸಿ ನೋಡಿತು. ಎಲ್ಲವೂ ತನ್ನವೇ, ಆದರೆ ಒಂದರಲ್ಲೂ ನೋವಿರಲಿಲ್ಲ.

"ಹಾಗಾದರೆ ಇವು ಗಾಯವಲ್ಲ ಮಗೂ," ಎಂದಿತು, "ಕೆನ್ನೆಗುಳಿ."