ಒಂದು ತಂಬಿಗೆ ಹಿಟ್ಟು

ಹೊಳೆ ಏರುತ್ತಿತ್ತು. ಆಶ್ರಮದ ಅಡುಗೆಮನೆಯಲ್ಲಿ ಅಡಿವೆಪ್ಪ ಮುರಿದ ತಕ್ಕಡಿ ಹಿಡಿದು ನಿಂತಿದ್ದ.

ಆಚೆ ದಡದ ಆಸರೆಮನೆಯಲ್ಲಿ ರೊಟ್ಟಿ ಅಗಿಯಲಾರದ ಎಪ್ಪತ್ತು ಮಂದಿ ಮುದುಕರಿದ್ದರು. ಅವರಿಗೆ ಇಲ್ಲಿಂದಲೇ ಬ್ರೆಡ್ಡು ಹೋಗಬೇಕು. ಮಧ್ಯಾಹ್ನದ್ದೇ ಕಡೆಯ ದೋಣಿ, ಆಮೇಲೆ ಮೂರು ದಿನ ಹೊಳೆಗೆ ಇಳಿಯುವುದಿಲ್ಲ ಎಂದು ಅಂಬಿಗ ಬೆಳಿಗ್ಗೆಯೇ ಹೇಳಿಹೋಗಿದ್ದ.

ಗುರುಸಿದ್ಧವ್ವ ಬಾಗಿಲಲ್ಲಿ ನಿಂತರು. ಆಶ್ರಮಕ್ಕೆಲ್ಲ ಅವರೇ ಗುರು, ಎಲ್ಲರಿಗೂ ಅವ್ವ.

"ತಕ್ಕಡಿ ಇಲ್ದಿದ್ರ ತಂಬಿಗಿ ಐತಲ್ಲ. ಅಳದು ಹಾಕು."

"ನನ್ನ ಲೆಕ್ಕ ಎಲ್ಲಾ ಕಿಲೋದಾಗ ಐತ್ರಿ ಅವ್ವಾ. ಅಳತಿ ನಂಬಾಕ ಆಗೂದಿಲ್ಲ."

"ಹಸಿವಿಗೆ ಅದನ್ನ ಹೇಳಿ ಬರ್ತೀಯೇನು?" ಎಂದು ಅವರು ಹೊರಟುಹೋದರು.

ಅಡಿವೆಪ್ಪ ಯೋಚಿಸಿದ. ತಂಬಿಗೆಗೆ ಸರಿಯಾಗಿ ಒಂದು ಲೀಟರ್ ನೀರು ಹಿಡಿಯುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಹಾಗಾದರೆ ಹತ್ತು ಕಿಲೋ ಹಿಟ್ಟಿಗೆ ಹತ್ತು ತಂಬಿಗೆ.

ಹತ್ತು ತಂಬಿಗೆ ಹಿಟ್ಟು ಸುರಿದ. ಆರು ತಂಬಿಗೆ ನೀರು ಹೊಯ್ದ. ಉಪ್ಪು, ಯೀಸ್ಟು ನಿನ್ನೆಯೇ ತೂಗಿ ಪೊಟ್ಟಣ ಕಟ್ಟಿದ್ದವು, ಅವನ್ನೂ ಬಿಚ್ಚಿ ಹಾಕಿದ.

ಕಲಸಲು ಹೋದರೆ ಹಿಟ್ಟು ಅಂಬಲಿಯಂತೆ ಬೆರಳ ಸಂದಿಯಿಂದ ಸೋರಿತು.

ಸುತ್ತ ನೋಡಿದ. ಯಾರೂ ಇರಲಿಲ್ಲ. ಹಿತ್ತಿಲ ಮೆಟ್ಟಿಲಿಗೇ ನೀರು ಬಂದು ಬಡಿಯುತ್ತಿತ್ತು. ಎಲ್ಲ ಹೊಳೆಗೆ ಸುರಿದು, ಸೌದೆ ಹಸಿಯಾಗಿ ಒಲೆ ಹತ್ತಲಿಲ್ಲ ಎಂದುಬಿಟ್ಟರೆ?

ಕೊಪ್ಪರಿಗೆಯನ್ನು ಮೆಟ್ಟಿಲವರೆಗೆ ಎಳೆದುಕೊಂಡು ಹೋದ. ಒಂದು ಕಡೆ ಎತ್ತಿ ವಾಲಿಸಿದ.

ಹಿಟ್ಟು ಅಂಚಿಗೆ ಬರುವಷ್ಟರಲ್ಲಿ ಮತ್ತೆ ನೆಲಕ್ಕಿಳಿಸಿದ. ಕೊಪ್ಪರಿಗೆಯನ್ನು ಅಲ್ಲೇ ಬಿಟ್ಟು ಅವ್ವನ ಬಳಿಗೆ ಓಡಿದ.

"ಕೆಡಸಿದೆ ಅವ್ವಾ. ತಂಬಿಗಿಗೆ ಒಂದು ಕಿಲೋ ಅಂತ ಹಿಟ್ಟು ಹಾಕಿದೆ."

ಅವರು ಬಂದು ನೋಡಿದರು. ಒಂದು ಬಿದಿರುಕೋಲಿನ ನಡುವಿಗೆ ಹಗ್ಗ ಕಟ್ಟಿ ತೊಲೆಗೆ ತೂಗಿಬಿಟ್ಟರು. ಎರಡು ತುದಿಗೂ ಒಂದೊಂದು ಬುಟ್ಟಿ. ಒಂದರಲ್ಲಿ ತಂಬಿಗೆ ತುಂಬ ನೀರು, ಇನ್ನೊಂದರಲ್ಲಿ ಅಂಥದೇ ತಂಬಿಗೆ ತುಂಬ ಹಿಟ್ಟು.

ನೀರಿನ ಬುಟ್ಟಿ ದಡಕ್ಕನೆ ಇಳಿಯಿತು. ಹಿಟ್ಟಿನದು ಮೇಲೇರಿತು.

"ತಂಬಿಗಿ ಎರಡೂ ತುಂಬ್ಯಾವ" ಎಂದರು ಅವ್ವ.

ಅಡಿವೆಪ್ಪ ಹಿಟ್ಟಿನ ಬುಟ್ಟಿಗೆ ಇನ್ನಷ್ಟು ಹಿಟ್ಟನ್ನು ಮೆಲ್ಲಗೆ ಸುರಿಯುತ್ತ ಹೋದ. ಇನ್ನೊಂದು ತಂಬಿಗೆಗೆ ತುಸುವೇ ಕಡಿಮೆ ಹಿಡಿದ ಮೇಲೆ ಕೋಲು ಸಮವಾಯಿತು.

ಆ ಲೆಕ್ಕಕ್ಕೆ ಹತ್ತು ಕಿಲೋಗೆ ಒಂಬತ್ತು ತಂಬಿಗೆ ಹಿಟ್ಟು ಕಡಿಮೆ ಬಿದ್ದಿತ್ತು. ಅಷ್ಟನ್ನೂ ಹಾಕಿ, ಮೊಣಕೈವರೆಗೆ ಕೈ ಇಳಿಸಿ ನಾದಿದ. ಹಿಟ್ಟು ಅಂಟದೆ ಕೈ ಬಿಟ್ಟಿತು. ಅದು ಉಬ್ಬುವಷ್ಟು ಹೊತ್ತೂ ಅವನು ಒಮ್ಮೆ ಕೊಪ್ಪರಿಗೆಯನ್ನು, ಒಮ್ಮೆ ಹೊಳೆಯನ್ನು ನೋಡುತ್ತ ಕೂತ.

ಕಡೆಯ ಬ್ರೆಡ್ಡು ಒಲೆಯಿಂದ ಹೊರಬರುವಾಗ ಅಂಬಿಗ ಎರಡು ಸಲ ಕೂಗಿ ಆಗಿತ್ತು. ಬಿಸಿಬಿಸಿಯಾಗಿಯೇ ಬುಟ್ಟಿಗೆ ತುಂಬಿದರು.

ಬುಟ್ಟಿ ಹೊರುವ ಮೊದಲು ಅಡಿವೆಪ್ಪ ತಲೆ ತಗ್ಗಿಸಿ ನಿಂತ.

"ನಾಳೆಯಿಂದ ಈ ಕೆಲಸ ಬ್ಯಾರೆಯವರಿಗೆ ಕೊಡ್ರಿ ಅವ್ವಾ."

"ಯಾಕ?"

"ಇಲ್ಲಿಗೆ ಬರೂಕಿಂತ ಮೊದಲ ನಾ ಔಷಧಿ ಅಂಗಡ್ಯಾಗ ಇದ್ದೆ. ಒಂದು ಕೂಸಿನ ಔಷಧಿ ಅಳತಿ ತಪ್ಪಿಸಿದೆ. ಅದರ ಕಿವಿ ಹೋದುವು."

"ತಪ್ಪಿದ್ದು ನಿನಗ ಯಾವಾಗ ಗೊತ್ತಾತು?"

"ಅವತ್ತ ಸಂಜೀಕ."

"ಅವರ ಮನಿಗೆ ಯಾವಾಗ ಹೇಳಿದಿ?"

"ಮೂರು ದಿನ ಬಿಟ್ಟು."

ದಡದಿಂದ ಅಂಬಿಗ ಮತ್ತೆ ಕೂಗಿದ. ಅವ್ವ ತಾವೇ ಬುಟ್ಟಿ ಎತ್ತಿ ಅವನ ತಲೆಯ ಮೇಲಿಟ್ಟರು.

"ಇವತ್ತು ಹಿಟ್ಟು ಇನ್ನೂ ಹಸಿ ಇದ್ದಾಗನ ಬಂದಿ. ನಡಿ, ದೋಣಿ ಕಾಯಾಕತ್ತೈತಿ."