ರೇಡಿಯೇಟರಿನಲ್ಲಿ ತೇಲಿದ ಎಣ್ಣೆ

“ಯುಗಾದಿಯ ಹೊಸತೊಡಕಿನ ಮರುದಿನ ಶಾಲೆಚೀಲವನ್ನು ಗೂಟಕ್ಕೆ ಸಿಕ್ಕಿಸಿ ಮನೆ ಬಿಟ್ಟವನು ನಾನು, ಬುದ್ಧಿ. ಇದು ನಾಲ್ಕನೆಯ ಮಠ. ಹೋದಲ್ಲೆಲ್ಲ ಸ್ವಲ್ಪ ದಿನ ಚೆನ್ನಾಗಿರುತ್ತದೆ, ಆಮೇಲೆ ಮನಸ್ಸು ಕದಡುತ್ತದೆ. ದೋಷ ಎಲ್ಲಿದೆ?”

ದುಂಡಯ್ಯ ಮಠದ ಗುರುಗಳನ್ನು ಹೀಗೆ ಕೇಳುವ ಹೊತ್ತಿಗೆ ಅವನ ಕಂಬಳಿ ಮಡಚಿ, ಚೀಲ ತುಂಬಿಟ್ಟಾಗಿತ್ತು. ಈ ಸಲವೂ ಉತ್ತರ ಸಿಗದಿದ್ದರೆ ಗುರುಗಳ ಸಹವಾಸವೇ ಸಾಕು ಎಂದು ಅವನು ನಿಶ್ಚಯಿಸಿದ್ದ. ಗುರುಗಳು ಕೂರು ಎನ್ನಲಿಲ್ಲ. ನಿಂತವನಿಗೇ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಲ್ಲಿ ತಂದೆ ಓಡಿಸುತ್ತಿದ್ದ ಹಳೆಯ ಟ್ರ್ಯಾಕ್ಟರಿತ್ತು. ಅದರ ಸದ್ದು ಕೇಳಿದರೆ ಅಪ್ಪ ಹೊಲದಿಂದ ಬಂದಂತೆಯೇ ಅವನಿಗೆ ಅನ್ನಿಸುತ್ತಿತ್ತು. ತಂದೆ ತೀರಿಕೊಂಡ ವರ್ಷ ಒಂದು ದಿನ ರೇಡಿಯೇಟರಿನ ಮುಚ್ಚಳ ತೆಗೆದರೆ, ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು. ಒಬ್ಬ ಮೇಸ್ತ್ರಿ ಇಂಜಿನ್ ಬಿಚ್ಚಿ, ಎಣ್ಣೆ ನೀರಿಗೆ ಸೇರದಂತೆ ತಡೆಯುವ ಗ್ಯಾಸ್ಕೆಟ್ ಬದಲಿಸಿದ. ಮತ್ತೆ ಎಣ್ಣೆ. ಇನ್ನೊಬ್ಬ ಇಂಜಿನ್ನಿನ ಹೆಡ್ಡನ್ನೇ ಬದಲಿಸಿದ. ಮತ್ತೂ ಎಣ್ಣೆ. ಮೂರನೆಯವನು, “ಇಂಜಿನ್ನಿನ ಬ್ಲಾಕೇ ಸೀಳಿದೆ. ಗುಜರಿಗೆ ಹಾಕು ಗೌಡ,” ಎಂದ. ಅಪ್ಪನನ್ನು ಇನ್ನೊಂದು ಸಲ ಹೂಳು ಎಂದಂತೆ ಕೇಳಿಸಿತು ರೈತನಿಗೆ.

ಕೊನೆಗೆ ಅವನು ತಂದೆಯ ಕಾಲದ ಮುದಿ ಮೇಸ್ತ್ರಿಯೊಬ್ಬನನ್ನು ಕರೆತಂದ. ಮುದುಕ ಇಂಜಿನ್ನಿನ ಒಂದು ನಟ್ಟನ್ನೂ ಬಿಚ್ಚಲಿಲ್ಲ. ನೀರು ಬಸಿದು, ಒಳಗೆಲ್ಲ ತೊಳೆದು, ತನ್ನ ಕೈಯಾರೆ ಹೊಸ ನೀರು ತುಂಬಿದ. ಮೂರು ದಿನ ಉಳುಮೆ ಮಾಡಿಸಿದ. ಆಮೇಲೆ ಮುಚ್ಚಳ ತೆಗೆದ. ನೀರು ತಿಳಿಯಾಗಿಯೇ ಇತ್ತು.

“ಎಣ್ಣೆ ಇಂಜಿನ್ನಿಂದ ಬಂದದ್ದಲ್ಲ ಮಗಾ. ನಿಮ್ಮಪ್ಪ ಹೋದಮೇಲೆ, ರಿಪೇರಿ ಆದಾಗಲೂ, ಪ್ರತಿ ಸಲ ನೀರು ತುಂಬಿದವರು ಯಾರು?”

“ನಾನೇ, ತಾತ.”

“ಬರೀ ನೀರೇನೋ?”

“ಮತ್ತಿನ್ನೇನು? ನೀರು, ಆಮೇಲೆ ತುಕ್ಕು ಹಿಡೀದಿರಲಿ ಅಂತ ಅಪ್ಪ ಹುಯ್ಯುತ್ತಿದ್ದ ಹಾಗೆ ಒಂದು ಲೋಟ ಎಣ್ಣೆ…”

“ನಿಮ್ಮಪ್ಪ ಹುಯ್ಯುತ್ತಿದ್ದದ್ದು ಲೇತ್ ಮಿಷನ್ನಿನವರ ಎಣ್ಣೆ ಕಣೋ, ನೀರಲ್ಲಿ ಕರಗೋದು. ನೀನು ಇಂಜಿನ್ ಆಯಿಲ್ಲನ್ನೇ ಸುರಿದೆಯೇನೋ ಮಹಾರಾಯ!”

ಅದು ಬರೀ ಎಣ್ಣೆಯೆಂದು ರೈತ ಎಂದೂ ಎಣಿಸಿರಲಿಲ್ಲ. ಅವನ ಪಾಲಿಗೆ ಅದು ಅಪ್ಪನ ನೆನಪಾಗಿತ್ತು.

ಇಷ್ಟು ಹೇಳಿ ಗುರುಗಳು ದುಂಡಯ್ಯನತ್ತ ನೋಡಿದರು.

“ಆ ಲೋಟ ನಿನ್ನ ಕೈಯಲ್ಲೂ ಇದೆ. ಬಂದ ದಿನವೇ ಇಲ್ಲಿ ಮುದ್ದೆ ಮುರಿದು, ‘ನಮ್ಮ ಮೊದಲ ಮಠದ ರುಚಿಯೇ ಬೇರೆ’ ಅಂದೆ. ಮುಂದಿನ ಮಠದಲ್ಲಿ ಎಷ್ಟನೆಯ ತುತ್ತಿಗೆ ಅನ್ನುತ್ತೀಯೋ?”

ದುಂಡಯ್ಯ ತುಂಬಿದ ಚೀಲದ ಬಾಯಿಯನ್ನು ಕಟ್ಟತೊಡಗಿದ.