ಉಬ್ಬಿದ ಡಬ್ಬಿ

“ಗುರುಗಳೇ, ನಾನು ಸಿಟ್ಟು ಮಾಡುವುದು ನನಗಾಗಿ ಅಲ್ಲ, ಆಶ್ರಮದ ಒಳಿತಿಗಾಗಿ. ಅಂಥ ಸಿಟ್ಟನ್ನೂ ಬಿಡಬೇಕೇ?” ಎಂದು ಶಿಷ್ಯ ಕೇಳಿದ. ಅಡುಗೆಮನೆಯಲ್ಲಿ ಕೂಗಾಡಿ ಬಂದಿದ್ದ ಅವನ ಮುಖ ಇನ್ನೂ ಕೆಂಪಗಿತ್ತು.

ಗುರು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಕಣ್ಣು ಕಾಣದವರು ಒಟ್ಟಾಗಿ ಬಾಳುವ ಒಂದು ಮನೆ ಇತ್ತು. ಅದನ್ನು ಚಂಪಕಮ್ಮ ಎಂಬಾಕೆ ನೋಡಿಕೊಳ್ಳುತ್ತಿದ್ದಳು. ದುಡಿಮೆಗೆ ಹಿಂಜರಿದವಳಲ್ಲ, ತನಗೆಂದು ಏನನ್ನೂ ಎತ್ತಿಟ್ಟುಕೊಂಡವಳಲ್ಲ. ಆದರೆ ಮೂಗಿನ ತುದಿಯಲ್ಲೇ ಕೋಪ. ಅನ್ನ ಚೆಲ್ಲಿದವನಿಗೆ ಬೈಗುಳ, ಬೇಡ ಎಂದವನಿಗೆ ಅದಕ್ಕಿಂತ ದೊಡ್ಡ ಬೈಗುಳ. ‘ಇವರಿಗಾಗಿ ಬೀದಿ ಬೀದಿ ತಿರುಗಿ ಬೇಡುತ್ತೇನೆ, ಇವರಿಗೆ ಬಾಯಿ ರುಚಿ ಬೇರೆ’ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಪೇಟೆಯ ಒಬ್ಬ ವ್ಯಾಪಾರಿ ಆ ಮನೆಗೆ ಆಗಾಗ ಬಟಾಣಿ ಡಬ್ಬಿಗಳನ್ನೂ ಶ್ಯಾವಿಗೆ ಪೊಟ್ಟಣಗಳನ್ನೂ ಕಳಿಸುತ್ತಿದ್ದ. ಅವನು ಬಂದಾಗ ಕಣ್ಣಿಗೆ ಬೀಳಲಿ ಎಂದು ಚಂಪಕಮ್ಮ ಉಗ್ರಾಣದಲ್ಲಿ ಹೊಸ ಡಬ್ಬಿಗಳನ್ನು ಮುಂದೆ ಜೋಡಿಸುತ್ತಿದ್ದಳು. ಹಳೆಯವು ಹಿಂದಕ್ಕೆ ಸರಿಯುತ್ತಿದ್ದವು. ಹಿಂದಿನ ಗೋಡೆ ಬಚ್ಚಲಿಗೆ ತಾಗಿಕೊಂಡಿತ್ತು, ಅಲ್ಲಿ ಸದಾ ತೇವ. ಒಮ್ಮೆ ಅಡುಗೆಯವಳು, “ಅಮ್ಮಾ, ಹಿಂದಿನವು ತುಕ್ಕು ಹಿಡಿಯುತ್ತಿವೆ” ಎಂದಳು.

“ನಿನ್ನಪ್ಪ ತಂದುಕೊಡುತ್ತಾನೇನೇ ಬೇರೆಯದನ್ನು? ಕೊಟ್ಟಿದ್ದನ್ನು ಬೇಯಿಸು” ಎಂದು ಚಂಪಕಮ್ಮ ಗದರಿದಳು. ಅಡುಗೆಯವಳು ಮತ್ತೆ ಆ ಮಾತು ಎತ್ತಲಿಲ್ಲ.

ಮಳೆಗಾಲದಲ್ಲಿ ಒಂದು ದಿನ ತರಕಾರಿ ಸಿಗಲಿಲ್ಲ. ಅಡುಗೆಯವಳ ಕೈಗೆ ಹಿಂದಿನ ಸಾಲಿನ ಒಂದು ಡಬ್ಬಿ ಬಂತು. ಅದರ ಮುಚ್ಚಳ ಉಬ್ಬಿತ್ತು. ತೆರೆದಾಗ ಬುಸ್ಸೆಂದು ಗಾಳಿ ಹೊರಬಂತು. ಅವಳು ಚಂಪಕಮ್ಮನ ಕಡೆ ನೋಡಿದಳು. ಚಂಪಕಮ್ಮ ಅಂಗಳದಲ್ಲಿ ಯಾರನ್ನೋ ಬೈಯುತ್ತಿದ್ದಳು. ಅಡುಗೆಯವಳು ಬಟಾಣಿಗೆ ಒಗ್ಗರಣೆ ಕೊಟ್ಟು, ಮೊದಲು ಊಟಕ್ಕೆ ಬಂದು ಕುಳಿತಿದ್ದ ತಿಪ್ಪೇಸ್ವಾಮಿಗೆ ಬಡಿಸಿದಳು. ಆ ಡಬ್ಬಿಯಲ್ಲಿದ್ದದ್ದು ಅವನೊಬ್ಬನಿಗೇ ಮುಗಿಯಿತು.

ತಿಪ್ಪೇಸ್ವಾಮಿ ಆ ಮನೆಯಲ್ಲಿ ಬೆತ್ತದ ಕುರ್ಚಿ ಹೆಣೆಯುವವನು. ಊಟ ಮುಗಿಸಿ ಎದ್ದವನು ಸಂಜೆಯೊಳಗೆ ಹಾಸಿಗೆ ಹಿಡಿದ. ವಾಂತಿ ನಿಲ್ಲಲಿಲ್ಲ. ನಾಲಗೆ ತೊದಲಿತು, ಕುಡಿಸಿದ ನೀರು ಗಂಟಲಿಗೆ ಇಳಿಯದೆ ಹೊರಗೆ ಬಂತು. ಆಸ್ಪತ್ರೆಗೆ ಹೊತ್ತೊಯ್ದರು. ಕೆಟ್ಟ ಡಬ್ಬಿಯ ವಿಷ ಎಂದರು ವೈದ್ಯರು, ಬದುಕುವ ಭರವಸೆ ಕೊಡಲಿಲ್ಲ.

ಚಂಪಕಮ್ಮನ ಮೈ ಉರಿದುಹೋಯಿತು. ಖಾಲಿ ಡಬ್ಬಿ ಹಿಡಿದು ನೇರ ವ್ಯಾಪಾರಿಯ ಅಂಗಡಿಗೆ ನಡೆದಳು. ಗಿರಾಕಿಗಳ ಎದುರೇ ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು. “ಕುರುಡರಿಗೆ ವಿಷ ಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತೀಯಾ? ನಿನ್ನ ಮನೆ ಹಾಳಾಗ!” ಎಂದು ಕೂಗಿದಳು.

ವ್ಯಾಪಾರಿ ಡಬ್ಬಿ ತಿರುಗಿಸಿ ದಿನಾಂಕ ನೋಡಿದ. “ತಾಯೀ, ಇದು ನಾನು ಹೋದ ವರ್ಷ ಕಳಿಸಿದ್ದು. ಆಗ ಚೆನ್ನಾಗಿಯೇ ಇತ್ತು. ಅವಧಿ ಮುಗಿದು ಎಷ್ಟೋ ತಿಂಗಳಾಗಿದೆ. ಇಷ್ಟು ದಿನ ಇದು ಯಾರ ಮನೆಯಲ್ಲಿತ್ತು?” ಎಂದ.

ಅವಳ ಸಿಟ್ಟು ಇಮ್ಮಡಿಯಾಯಿತು. ಮನೆಗೆ ಬಂದು ಅಡುಗೆಯವಳನ್ನು ಹಿಡಿದು ಬಾಯಿಗೆ ಬಂದಂತೆ ಬೈದಳು. ಅಡುಗೆಯವಳು ತಲೆ ತಗ್ಗಿಸಿ ನಿಂತಳು.

ತಿಪ್ಪೇಸ್ವಾಮಿ ಸಾಯಲಿಲ್ಲ. ಅವನಿಗೆ ಮಾತು ಮರಳಿತೆಂದು ಕೇಳಿ ಚಂಪಕಮ್ಮ ಆಸ್ಪತ್ರೆಗೆ ಓಡಿದಳು. ಮಂಚದ ಪಕ್ಕ ನಿಂತವಳೇ ಅಲ್ಲಿಯೂ ರೇಗಿದಳು. “ಕಣ್ಣಿಲ್ಲ ಸರಿ, ನಾಲಗೆ ಇರಲಿಲ್ಲವೇನೋ ನಿನಗೆ? ಕೆಟ್ಟದ್ದು ಎಂದು ಗೊತ್ತಾಗಲಿಲ್ಲವೇ?”

“ಮೊದಲ ತುತ್ತಿಗೇ ಗೊತ್ತಾಯಿತು ಅಕ್ಕಾ” ಎಂದ ತಿಪ್ಪೇಸ್ವಾಮಿ ಮೆಲ್ಲಗೆ. “ಬಿಟ್ಟರೆ ನೀವು ಬೈಯುತ್ತೀರಿ ಎಂದು ನುಂಗಿಬಿಟ್ಟೆ.”

ಚಂಪಕಮ್ಮ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಬೈಯಲು ಇನ್ನು ಯಾರೂ ಉಳಿದಿರಲಿಲ್ಲ.

ಮನೆಗೆ ಮರಳಿ ಅಡುಗೆಯವಳನ್ನು ಕರೆದಳು. ಇಬ್ಬರೂ ಸೇರಿ ಉಗ್ರಾಣ ಬರಿದು ಮಾಡಿದರು. ಉಬ್ಬಿದ್ದು, ತುಕ್ಕು ಹಿಡಿದದ್ದು, ಅವಧಿ ಮೀರಿದ್ದು ಎಲ್ಲ ಗುಂಡಿ ಸೇರಿತು. ಉಳಿದವನ್ನು ತೇವವಿಲ್ಲದ ಕೋಣೆಯಲ್ಲಿ, ನೆಲದಿಂದ ಮೇಲೆ, ಹಳೆಯದು ಮುಂದೆ ಬರುವಂತೆ ಇಟ್ಟರು.

ಗುರು ಕತೆ ನಿಲ್ಲಿಸಿದರು.

“ಆಮೇಲೆ ಆಕೆ ಸಿಟ್ಟು ಬಿಟ್ಟಳೇ?” ಎಂದು ಶಿಷ್ಯ ಕೇಳಿದ.

“ಪೂರ್ತಿ ಬಿಡಲಾಗಲಿಲ್ಲ. ಆದರೆ ಬಡಿಸಿದ ಮೇಲೆ ಪ್ರತಿಯೊಬ್ಬರ ಹತ್ತಿರ ಹೋಗಿ ‘ಹೇಗಿದೆ?’ ಎಂದು ಕೇಳುತ್ತಿದ್ದಳು. ಅವರು ಬಾಯಿ ಬಿಡುವವರೆಗೂ ಕಾಯುತ್ತಿದ್ದಳು.”

ಶಿಷ್ಯನಿಗೆ ಸಮಾಧಾನವಾಯಿತು. “ನಮ್ಮಲ್ಲಿ ಹಾಗಿಲ್ಲ ಗುರುಗಳೇ. ಇಷ್ಟು ದಿನಗಳಲ್ಲಿ ಒಬ್ಬರೂ ನನ್ನ ಮುಂದೆ ಒಂದು ದೂರು ಹೇಳಿಲ್ಲ” ಎಂದ.

ಗುರು ಅವನ ಮುಖವನ್ನೇ ನೋಡಿ ಹೇಳಿದರು: “ಆ ಮನೆಯಲ್ಲೂ ಹೇಳುತ್ತಿರಲಿಲ್ಲ.”